ಮಾಲ್ಡೀವ್ಸ್: ಹಣ ಯಾರಿಗೆ, ಕಸ ಯಾರಿಗೆ?

ಸಂಪ್ರದಾಯನಿಷ್ಠ ಮುಸ್ಲಿಂ ರಾಷ್ಟ್ರದಲ್ಲಿ ಪ್ರವಾಸೋದ್ಯಮ ಬೆಳೆಯಲಾರದೆಂಬ ವಾದಕ್ಕೆ ಮಾಲ್ಡೀವ್ಸ್ ಉತ್ತರಿಸಿ ಅರ್ಧ ಶತಮಾನವಾಯಿತು. 1972ರಲ್ಲಿ ಕುರುಂಬಾ ರೆಸಾರ್ಟ್ ತೆರೆದ ಮೇಲೆ ಅಲ್ಲಿ ಬೆಳೆದ ಸೂತ್ರವಿದು: ದ್ವೀಪಕ್ಕೊಂದು ರೆಸಾರ್ಟ್, ಮದ್ಯ ಅಲ್ಲಿ, ಮಸೀದಿ ಇಲ್ಲಿ. ಈ ಗೋಡೆ ಧರ್ಮವನ್ನು ಕಾಯಿತೆನ್ನುತ್ತಾರೆ. ಅದು ಹೆಚ್ಚಾಗಿ ಕಾದದ್ದು ರೆಸಾರ್ಟ್ ಒಡೆಯರ ಲಾಭವನ್ನು. ಜನವಸತಿಯ ದ್ವೀಪಗಳಲ್ಲಿ ಅತಿಥಿಗೃಹಗಳಿಗೆ ದಾರಿ ತೆರೆದದ್ದು 2009ರ ಸುಮಾರಿಗೆ. ಮಾಫುಶಿಯನ್ನೇ ನೋಡಿ: ಊರಲ್ಲಿ ಮದ್ಯವಿಲ್ಲ, ಈಜುಡುಪಿಗೆ ಪ್ರತ್ಯೇಕ ಕಡಲತೀರವಿದೆ. ಆದರೂ ಪ್ರವಾಸಿಗರು ಬರುತ್ತಾರೆ, ಊರವರು ಗಳಿಸುತ್ತಾರೆ, ನಂಬಿಕೆಯೂ ಉಳಿದಿದೆ. ಅಪಾಯವಿರುವುದು ಬೇರೆಡೆ: ಕಸ ಸುರಿದು ಬೆಳೆಸಿದ ತಿಲಫುಶಿಯಲ್ಲಿ, ಹವಳದ ದಿಬ್ಬಗಳ ಮೇಲೆ ಹೇರಿದ ಮರಳಿನಲ್ಲಿ. ಅತಿಥಿಯ ಉಡುಪನ್ನು ಅಳೆಯುವವರು ಮೊದಲು ಈ ಲೆಕ್ಕ ಒಪ್ಪಿಸಲಿ: ಅವನು ಬಿಟ್ಟುಹೋದ ಹಣ ಯಾರ ಪಾಲಿಗೆ, ಕಸ ಯಾರ ಪಾಲಿಗೆ?