ಅಜ್ಜನ ಮಾಸ್ಕು

ಮಕ್ಕಳೇ, ರಾತ್ರಿ ನಾನು ಮೂಗಿಗೆ ಮಾಸ್ಕು ಕಟ್ಟಿಕೊಂಡು ಮಲಗುತ್ತೇನೆ. ನಿದ್ದೆಯಲ್ಲಿ ಗಂಟಲೊಳಗಿನ ದಾರಿ ಮುಚ್ಚಿ ನನ್ನ ಉಸಿರು ಆಗಾಗ ನಿಲ್ಲುತ್ತದೆ. ಸಿಪ್ಯಾಪ್ ಯಂತ್ರ ಗಾಳಿ ಒತ್ತಿ ಆ ದಾರಿಯನ್ನು ತೆರೆದಿಡುತ್ತದೆ. 1981ರಲ್ಲಿ ಈ ಉಪಾಯವನ್ನು ಜಗತ್ತಿಗೆ ತಿಳಿಸಿದವರು ಆಸ್ಟ್ರೇಲಿಯಾದ ಡಾ. ಕಾಲಿನ್ ಸಲಿವನ್ ಮತ್ತು ಸಂಗಡಿಗರು.

ಈಚೆಗೆ ಮಾಸ್ಕಿನ ಅಂಚಿನಿಂದ ಸುಯ್ಯೆಂದು ಗಾಳಿ ಸೋರತೊಡಗಿತು. ಪಟ್ಟಿ ಬಿಗಿದೆ. ಮೂಗಿನ ಮೇಲೆ ಗಾಯವಾಯಿತೇ ಹೊರತು ಸೋರುವುದು ನಿಲ್ಲಲಿಲ್ಲ. ಹಗಲು ತೂಕಡಿಕೆ ಮರಳಿತು. ಗೋಕಾಕದಿಂದ ಹುಕ್ಕೇರಿಗೆ ಹೊರಟವನು ಬಸ್ಸಿನಲ್ಲೇ ನಿದ್ದೆ ಹೋಗಿ ಸಂಕೇಶ್ವರದಲ್ಲಿ ಎದ್ದೆ! ಯಂತ್ರವೇ ಕೆಟ್ಟಿತೆಂದುಕೊಂಡೆ.

ಮೂಡಲಗಿಯಿಂದ ರಜೆಗೆ ಬಂದಿದ್ದ ಮೊಮ್ಮಗಳು ಅಂಚನ್ನು ಮುಟ್ಟಿ ನೋಡಿದಳು. "ಅಜ್ಜಾ, ಇದು ನಮ್ಮವ್ವನ ಹಳೇ ಕುಕ್ಕರ್ ರಬ್ಬರಿನಂಗ ಆಗೇತಿ ನೋಡ್ರಿ!"

ನಿಜ, ಸಿಲಿಕೋನ್ ಮೆತ್ತೆ ಸವೆದಿತ್ತು. ಅದೇ ಮಾಡೆಲ್ಲಿನ, ಅದೇ ಅಳತೆಯ ಮೆತ್ತೆಯೊಂದನ್ನೇ ತರಿಸಿ ಹಾಕಿದೆವು. ಸದ್ದು ನಿಂತಿತು.

ಈಗ ದಿನಾ ಬೆಳಿಗ್ಗೆ ಮೆತ್ತೆಯನ್ನು ಉಗುರುಬೆಚ್ಚನೆ ನೀರು, ಮೃದು ಸೋಪಿನಿಂದ ತೊಳೆದು ನೆರಳಲ್ಲಿ ಒಣಗಿಸುತ್ತೇನೆ. ಬಿಸಿಲಿಗೆ ಇಟ್ಟರೆ ಬೇಗ ಹಾಳು. ಮುಖದ ಜಿಡ್ಡೂ ಅದನ್ನು ಕೆಡಿಸುತ್ತದೆ. ಅದಕ್ಕೇ ರಾತ್ರಿ ಮೂಡಲಗಿಯಿಂದ ಫೋನು ಬರುತ್ತದೆ: "ಅಜ್ಜಾ, ಮುಖ ತೊಳಕೊಂಡ್ರೇನು?"