ಮಳೆಗಾಲದ ಸಿದ್ಧತೆ: ಮನೆಗಷ್ಟೇ ಸಾಕೆ?

ಮೇ ತಿಂಗಳ ಕೊನೆಯ ಬಿಸಿಲಿಗೆ ಮಲೆನಾಡಿನಲ್ಲಿ ವಿಶೇಷವಾದ ಬೆಲೆಯಿದೆ. ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳ, ಪಕ್ಕದಲ್ಲಿ ಮುರುಗಲು ಸಿಪ್ಪೆ, ಒಳಗೆ ಭರಣಿಯಲ್ಲಿ ಅಪ್ಪೆಮಿಡಿ. ಮಧ್ಯಾಹ್ನ ಮೋಡ ಕವಿದು ಗುಡುಗಿತೆಂದರೆ ಮನೆಮಂದಿಯೆಲ್ಲ ಅಂಗಳಕ್ಕೆ ಓಡಬೇಕು. ಮುಂದೆ ತಿಂಗಳುಗಟ್ಟಲೆ ಸರಿಯಾಗಿ ಕಾಣಸಿಗದ ಬಿಸಿಲನ್ನು ನಮ್ಮ ಹಿರಿಯರು ಹಪ್ಪಳವಾಗಿ, ಒಣ ಕಟ್ಟಿಗೆಯಾಗಿ ಕೂಡಿಡುತ್ತಿದ್ದರು. ಬೇಸಿಗೆಯ ಈ ಕಡೆಯ ದಿನಗಳ ಸಡಗರ ನನಗೆ ಇಂದಿಗೂ ಪ್ರಿಯವಾದುದು.

ಆದರೆ ಮನೆಯನ್ನು ಇಷ್ಟು ಶ್ರದ್ಧೆಯಿಂದ ಮಳೆಗೆ ಅಣಿಗೊಳಿಸುವ ನಾವು ಮನೆಯ ಮೇಲಿನ ಬೆಟ್ಟವನ್ನು ಯಾವ ಸ್ಥಿತಿಯಲ್ಲಿ ಮಳೆಗೆ ಒಪ್ಪಿಸುತ್ತಿದ್ದೇವೆ?

ಉತ್ತರ ಕನ್ನಡದ ಘಟ್ಟದ ಮೇಲಿನ ಸೀಮೆಯಲ್ಲಿ ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದಲೂ ಬಂದಿದೆ. ಆ ಬೆಟ್ಟದ ದರಕನ್ನು ಬೇಸಿಗೆಯಲ್ಲಿ ಗುಡಿಸಿ ಕೊಟ್ಟಿಗೆಗೂ ತೋಟಕ್ಕೂ ತರುತ್ತೇವೆ. ಕೆಲವು ವರ್ಷಗಳ ಹಿಂದೆ ನಾನೂ ಆಳುಗಳನ್ನು ಹಚ್ಚಿ ನಮ್ಮ ಬೆಟ್ಟವನ್ನು ಅಂಗಳದಷ್ಟೇ ಚೊಕ್ಕಟವಾಗಿ ಗುಡಿಸಿದೆ. ಮೊದಲ ದೊಡ್ಡ ಮಳೆಗೆ ತೋಟದ ಕೆಳಗಿನ ಹಳ್ಳ ಕೆಂಪಾಗಿ ಹರಿಯಿತು. ಮಣ್ಣಿನ ಪಾಠ ಓದಿದವನೇ ಮಣ್ಣನ್ನು ಹೊಳೆಗೆ ಕಳುಹಿಸಿದ್ದೆ.

ಕಾರಣ ಸರಳವಾದುದು. ಬರಿಯ ನೆಲಕ್ಕೆ ಬಿದ್ದ ಮಳೆಹನಿ ಮಣ್ಣಿನ ಹೆಂಟೆಯನ್ನು ಒಡೆಯುತ್ತದೆ. ಸಡಿಲಗೊಂಡ ನುಣುಪು ಕಣಗಳು ನೆಲದ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ಆಗ ನೀರು ಇಂಗದೆ ಮೇಲ್ಮಣ್ಣಿನೊಡನೆ ಹರಿದುಹೋಗುತ್ತದೆ. ದರಕಿನ ಹೊದಿಕೆಯಿದ್ದರೆ ಹನಿಯ ರಭಸ ಮುರಿದು ನೀರು ನಿಧಾನವಾಗಿ ಒಳಗಿಳಿಯುತ್ತದೆ. ಮಾರ್ಚ್‌ನಲ್ಲಿ ಬಾವಿ ಬತ್ತಿತೆಂದು ಕೊರಗುವವರು ಹಿಂದಿನ ಜೂನ್‌ನಲ್ಲಿ ತಮ್ಮ ಬೆಟ್ಟ ಹೇಗಿತ್ತೆಂದು ನೆನೆಯಬೇಕು.

ದರಕಿಲ್ಲದೆ ತೋಟ ಹೇಗೆಂಬ ಪ್ರಶ್ನೆ ನ್ಯಾಯವಾದದ್ದೇ. ಪೂರ್ತಿ ಬಿಡಿರೆಂದು ನಾನು ಹೇಳುತ್ತಿಲ್ಲ. ಇಳಿಜಾರಿಗೆ ಅಡ್ಡಲಾಗಿ ಒಂದು ಪಟ್ಟಿ ಗುಡಿಸಿ ಮತ್ತೊಂದನ್ನು ಬಿಡೋಣ; ಮುಂದಿನ ವರ್ಷ ಅದಲು ಬದಲು ಮಾಡೋಣ. ಕಡಿದಾದ ಜಾಗವನ್ನೂ ಹಳ್ಳದ ತಲೆಯನ್ನೂ ಮುಟ್ಟದಿರೋಣ. ಕೊರತೆಯನ್ನು ತೋಟದಲ್ಲೇ ಬೀಳುವ ಅಡಿಕೆ ಸೋಗೆ ಮತ್ತು ಸಿಪ್ಪೆಯಿಂದ ಬಹುಮಟ್ಟಿಗೆ ತುಂಬಿಕೊಳ್ಳಬಹುದು.

ಎರಡನೆಯ ಮಾತು ಧರೆಯದು. ಬೇಸಿಗೆಯಲ್ಲಿ ಜೆಸಿಬಿ ತರಿಸಿ ಮನೆಯ ಹಿಂದಿನ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿಯುವುದು ಈಗ ಸಾಮಾನ್ಯವಾಗಿದೆ. ಒಣಗಿದಾಗ ಗಟ್ಟಿಯಾಗಿ ನಿಲ್ಲುವ ಆ ಮಣ್ಣು ನೀರು ಕುಡಿದು ಭಾರವಾದಾಗ ಹಿಡಿತ ಕಳೆದುಕೊಳ್ಳುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಜೀವಗಳು ಹೋದುದನ್ನು ಮರೆಯುವಂತಿಲ್ಲ. ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ತೋಡುವ ಉತ್ಸಾಹವೂ ಬೇಡ. ನೀರಿಂಗಿಸುವ ಒಳ್ಳೆಯ ಕೆಲಸವೇ ಅಲ್ಲಿ ಕುಸಿತಕ್ಕೆ ಕಾರಣವಾದೀತು. ಧರೆಯ ಮೇಲೆ ಹರಿದು ಬರುವ ನೀರನ್ನು ಪಕ್ಕಕ್ಕೆ ತಿರುಗಿಸುವ ಕಾಲುವೆಯನ್ನು ಈಗಲೇ ಬಿಡಿಸಿಡಿ.

ಈ ಕೆಲಸಗಳನ್ನು ಜೂನ್‌ವರೆಗೆ ಮುಂದೂಡುವಂತೆಯೂ ಇಲ್ಲ. 2025ರಲ್ಲಿ ಮುಂಗಾರು ವಾಡಿಕೆಯ ಜೂನ್ 1ಕ್ಕೆ ಬದಲಾಗಿ ಮೇ 24ರಂದೇ ಕೇರಳವನ್ನು ತಲುಪಿತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಕಾದು ಕುಳಿತವರಿಗೆ ಇಂತಹ ವರ್ಷದಲ್ಲಿ ಬಿಸಿಲೇ ಸಿಗುವುದಿಲ್ಲ.

ರಜೆಗೆ ಊರಿಗೆ ಬಂದಿರುವ ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಹಪ್ಪಳ ಕಾಯುವ ಕೆಲಸದ ನಡುವೆ ಒಂದು ದಿನ ಹಿರಿಯರೊಡನೆ ಬೆಟ್ಟ ಹತ್ತಿ. ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನೆಲ ಬಿರುಕು ಬಿಟ್ಟಿದೆ ಎಂಬುದನ್ನು ಕೇಳಿ, ನೋಡಿ, ಬರೆದಿಡಿ. ಮಳೆ ಹಿಡಿದ ಮೇಲೆ ಅದೇ ಜಾಗಕ್ಕೆ ಮತ್ತೊಮ್ಮೆ ಹೋಗಿ ಹಳ್ಳದ ನೀರಿನ ಬಣ್ಣ ನೋಡಿ. ನಮ್ಮ ಸಿದ್ಧತೆ ಸಾಕಾಯಿತೇ ಎಂಬುದನ್ನು ಆ ನೀರೇ ತಿಳಿಸುತ್ತದೆ.