ಚದುರಂಗದ ಮೊದಲ ನಾಲ್ಕು ನಡೆ

ಮಕ್ಕಳೇ, "ಬೇಗ ಗೆಲ್ಲೋಕೆ ಯಾವ ಓಪನಿಂಗ್ ಆಡಬೇಕು ತಾತ?" ಎಂದು ಇಲ್ಲಿ ಬ್ರೂಕ್‌ಫೀಲ್ಡ್‌ನ ನಮ್ಮ ಅಪಾರ್ಟ್‌ಮೆಂಟಿನ ಹುಡುಗರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಮಂತ್ರಿಯನ್ನು ಎರಡನೇ ನಡೆಗೇ ಹೊರಗೆ ತಂದು, ನಾಲ್ಕನೇ ನಡೆಗೆ ಚೆಕ್‌ಮೇಟ್ ಮಾಡುವ ಉಪಾಯ ಅವರಿಗೆಲ್ಲ ಬಾಯಿಪಾಠ. ಆ ಉಪಾಯಕ್ಕೆ ಮೂರು ಸಲ ಸೋತ ಏಳು ವರ್ಷದ ಪುಟಾಣಿಯೊಬ್ಬಳು ಒಂದು ವಾರ ಮಣೆಯ ಹತ್ತಿರವೇ ಸುಳಿಯಲಿಲ್ಲ.

ಅವಳಿಗೆ ನಾನು ಹೇಳಿಕೊಟ್ಟದ್ದು ಇಷ್ಟೆ: ಮಂತ್ರಿ ಬಂದು ನಿನ್ನ ಕಾಲಾಳಿನ ಮೇಲೆ ಕಣ್ಣು ಹಾಕಿದರೆ ಕುದುರೆ ತಂದು ಅದನ್ನು ಕಾಯಿ. ಒಂಟೆಯೂ ಬಂದರೆ, ರಾಜನ ಕಡೆಯ ಕುದುರೆಯ ಮುಂದಿರುವ ಕಾಲಾಳನ್ನು ಒಂದು ಮನೆ ನೂಕು. ಮಂತ್ರಿ ಜಾಗ ಬಿಟ್ಟು ಓಡಲೇಬೇಕು!

ಹಾಗಾದರೆ ಕಲಿಯುವವರಿಗೆ ಸುಲಭವಾದದ್ದು ಯಾವುದು? ನನ್ನ ಮತ ಇಟಾಲಿಯನ್ ಆಟಕ್ಕೆ. ನಾನೂರು ವರ್ಷಕ್ಕಿಂತ ಹಳೆಯದು. 2016ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಾರ್ಲ್‌ಸನ್ ಕೂಡ ಆಡಿದ್ದರು. ಇದರ ಪ್ರತಿ ನಡೆಗೂ ಒಂದು ಕಾರಣವಿದೆ.

ಒಂದು: ರಾಜನ ಮುಂದಿನ ಕಾಲಾಳು ಎರಡು ಮನೆ. ಮಣೆಯ ನಡುವೆ ನಿಮಗೆ ಜಾಗ ಸಿಗುತ್ತದೆ, ಒಂಟೆಗೂ ದಾರಿಯಾಗುತ್ತದೆ. ಎದುರಾಳಿಯೂ ಹಾಗೇ ಆಡಿದನೆನ್ನಿ.

ಎರಡು: ರಾಜನ ಕಡೆಯ ಕುದುರೆ ಒಂಟೆಯ ಮುಂದಿನ ಸಾಲಿಗೆ ನೆಗೆದು, ಎದುರಿನ ಕಾಲಾಳನ್ನು ಹೆದರಿಸುತ್ತದೆ. ಕುದುರೆಯನ್ನು ಅರವತ್ನಾಲ್ಕು ಮನೆಗೂ ಒಂದೊಂದೇ ಸಲ ಓಡಿಸುವ ಬಂಧಗಳನ್ನು ರಚಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ನಾಡು ನಮ್ಮದು. ಕುದುರೆಯನ್ನು ಲಾಯದಲ್ಲೇ ಕಟ್ಟಿಹಾಕಬಾರದು.

ಮೂರು: ಅದೇ ಕಡೆಯ ಒಂಟೆ ಮೂರು ಮನೆ ಓರೆಯಾಗಿ ಬರಲಿ. ಅದರ ಗುರಿ, ಎದುರಿನ ರಾಜನೊಬ್ಬನೇ ಕಾಯುತ್ತಿರುವ ಕಾಲಾಳು.

ನಾಲ್ಕು: ರಾಜ, ಆನೆಗಳ ನಡುವೆ ಈಗ ಜಾಗ ಖಾಲಿ. ಕೋಟೆ ಕಟ್ಟಿ. ರಾಜ ಎರಡು ಮನೆ ಸರಿದರೆ, ಆನೆ ಅವನನ್ನು ದಾಟಿ ಪಕ್ಕದಲ್ಲಿ ನಿಲ್ಲುತ್ತದೆ.

ಬ್ಯಾಂಕಿನಲ್ಲಿ ಆರಂಭ ಶಿಲ್ಕು ಸರಿಯಿದ್ದರೆ ಸಂಜೆಯ ಲೆಕ್ಕ ಅರ್ಧ ಹಗುರವಾದಂತೆ. ಈ ನಾಲ್ಕು ನಡೆಯೂ ಅಂಥದ್ದೇ. ಗೆಲುವು ತಂದುಕೊಡುವುದಿಲ್ಲ, ಆಟವನ್ನು ಅಚ್ಚುಕಟ್ಟಾಗಿ ಶುರುಮಾಡಿಸುತ್ತದೆ.

ಅಜ್ಜ ಅಜ್ಜಿಯರಿಗೊಂದು ಮಾತು. ನಮ್ಮ ಹಳೆಯ ದೇಶಿ ಆಟದಲ್ಲಿ ಬಹಳ ಕಡೆ ಕಾಲಾಳು ಮೊದಲ ನಡೆಗೂ ಒಂದೇ ಮನೆ ಹೋಗುತ್ತಿತ್ತು. ಕೋಟೆಯ ಬದಲು ರಾಜ ಒಂದು ಸಲ ಕುದುರೆಯಂತೆ ನೆಗೆಯುತ್ತಿದ್ದ. ಮೊಮ್ಮಕ್ಕಳೊಡನೆ ಜಗಳವಾಗುವುದು ಇಲ್ಲೇ! ಪಂಜಾಬಿನ ಮೀರ್ ಸುಲ್ತಾನ್ ಖಾನ್ ದೇಶಿ ಆಟದಲ್ಲೇ ಬೆಳೆದವರು. ಆಮೇಲೆ ಹೊಸ ನಿಯಮ ಕಲಿತು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ನಮಗೇಕೆ ಆಗದು?

ಈ ಭಾನುವಾರ ಮನೆಯಲ್ಲಿ ಒಂದು ಷರತ್ತು ಹಾಕಿಕೊಳ್ಳಿ: ಕಾಯಿ ಮುಟ್ಟುವ ಮೊದಲು "ಯಾಕೆ" ಎಂದು ಹೇಳಬೇಕು. ಮೊಮ್ಮಗುವಷ್ಟೇ ಅಲ್ಲ, ಅಜ್ಜನೂ ಹೇಳಬೇಕು.